ಗೆರೆ ಎಳೆಯಲು ಕಾಸು ಬೇಕಿಲ್ಲ: ಕತಾರಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಕತಾರಿನಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ, ಅದರಲ್ಲೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಯಾರಿಗೂ ತೋರಿಸದೆ ಮುಖಗಳನ್ನು ಬರೆಯುತ್ತ ಕೂರುವವರಿಗೆ,



2022ರ ಏಪ್ರಿಲ್ 1ರಂದು ದೋಹಾದಲ್ಲಿ ವಿಶ್ವಕಪ್ ಫುಟ್‌ಬಾಲಿನ ತಂಡಗಳನ್ನು ಗುಂಪುಗಳಾಗಿ ವಿಂಗಡಿಸುವ ಸಮಾರಂಭ ನಡೆಯಿತು. ಅಂದೇ ಲೋಕಕ್ಕೆ ಆ ವಿಶ್ವಕಪ್ಪಿನ ಮ್ಯಾಸ್ಕಾಟ್ ಲಾಯೀಬ್‌ನ ಪರಿಚಯವಾಯಿತು. ಅರಬರು ತಲೆಗೆ ಹೊದೆಯುವ ಬಿಳಿಯ ಘುತ್ರಾ ಬಟ್ಟೆಗೆ ಎರಡು ದೊಡ್ಡ ಕಣ್ಣು, ದಪ್ಪ ಹುಬ್ಬು, ಬಾಯ್ತುಂಬ ನಗು. ಕೈಯಿಲ್ಲ, ಕಾಲಿಲ್ಲ, ಗಾಳಿಯಲ್ಲಿ ತೇಲುತ್ತದೆ. ಆ ವರ್ಷದ ಡಿಸೆಂಬರ್ 18ರ ಫೈನಲ್ ಮುಗಿಯುವ ಹೊತ್ತಿಗೆ ಅದನ್ನು ಗುರುತಿಸದ ಮಗು ದೋಹಾದಲ್ಲಿ ಇರಲಿಕ್ಕಿಲ್ಲ. ಯಾವ ಅಪರೂಪದ ಪ್ರಾಣಿಯನ್ನೂ ಹುಡುಕಿಕೊಂಡು ಹೋಗದೆ, ದಿನಾ ಕಣ್ಣಿಗೆ ಬೀಳುವ ಬಟ್ಟೆಯೊಂದಕ್ಕೆ ಜೀವ ಕೊಟ್ಟು ಮಾಡಿದ ಕಾರ್ಟೂನು ಅದು.

ಹಾಗಾದರೆ ಇದೇ ನೆಲದಲ್ಲಿ ದುಡಿಯುವ ಕನ್ನಡಿಗರ ಕಣ್ಣಿಗೆ ದಿನಾ ಬೀಳುವುದೇನು? ದೋಹಾದ ಬಿನ್ ಮಹಮೂದ್ ಬಡಾವಣೆಯ ಬಾಲ್ಕನಿಯ ಕುಂಡದಲ್ಲಿ ಬಿಸಿಲಿಗೆ ಬಾಡಿಯೂ ಚಿಗುರುವ ಕರಿಬೇವಿನ ಗಿಡ. ಊರಿನಿಂದ ಬರುವಾಗ ವಿಮಾನದ ತೂಕದ ಮಿತಿಗೆ ಹೆದರಿ ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ ಪೆಟ್ಟಿಗೆ, ಅದರೊಳಗಿನ ಕುಚ್ಚಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿ. ಎರಡೂವರೆ ಗಂಟೆಯ ಕಾಲವ್ಯತ್ಯಾಸ ಮರೆತು ಬೆಳಗಿನ ನಿದ್ದೆಯಲ್ಲೇ ವಿಡಿಯೋ ಕರೆ ಮಾಡುವ ಅಜ್ಜಿ. ಆಗಸ್ಟಿನಲ್ಲಿ ಏಸಿಯ ತಂಪಿನಿಂದ ಹೊರಗೆ ಕಾಲಿಟ್ಟ ಕ್ಷಣಕ್ಕೆ ಮಂಜು ಕಟ್ಟಿ ಕುರುಡಾಗುವ ಕನ್ನಡಕ. ಇವುಗಳಲ್ಲಿ ಒಂದೊಂದೂ ಒಂದೊಂದು ಕಾರ್ಟೂನು. ಮನೆಯ ಮಾತುಕತೆಯಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಇವು ಓಡಾಡುತ್ತಲೇ ಇವೆ. ಗೆರೆಯಾಗಿ, ಕನ್ನಡದ ಮಾತಾಗಿ ಕಾಗದಕ್ಕೆ ಇಳಿದಿರುವುದು ಮಾತ್ರ ತೀರ ಕಡಿಮೆ.

ಆದ್ದರಿಂದ ಈ ಪತ್ರದ ಕೋರಿಕೆ ಒಂದೇ. ಉಚಿತವಾಗಿ ಸಿಗುವ ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಒಂದನ್ನು ಆರಿಸಿ, ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಲ್ಯಾಪ್‌ಟಾಪಿಗೋ ಟ್ಯಾಬಿಗೋ ಹಾಕಿಕೊಂಡು, ಒಂದು ತಿಂಗಳು ಬರೆದು ನೋಡಿ. ನಿಮ್ಮ ಸಂಘಗಳು ಆ ಚಿತ್ರಗಳಿಗೆ ಜಾಗ ಕೊಡಲಿ.

ಈ ಕೋರಿಕೆಗೆ ಹಿನ್ನೆಲೆಯಿದೆ. ಗೆರೆಯಲ್ಲಿ ನಗಿಸುವುದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. 1942ರಲ್ಲಿ ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ‘ಕೊರವಂಜಿ’ ಪತ್ರಿಕೆ ಆರಂಭಿಸಿದರು. ವೃತ್ತಿಯಲ್ಲಿ ಅವರು ವೈದ್ಯರು. ಇಪ್ಪತ್ತೈದು ವರ್ಷ, 1967ರವರೆಗೆ, ಆ ಹಾಸ್ಯಪತ್ರಿಕೆ ನಡೆಯಿತು. ಮೈಸೂರಿನಲ್ಲಿ ಓದುತ್ತಿದ್ದ ಆರ್.ಕೆ. ಲಕ್ಷ್ಮಣ್ ಎಂಬ ಹುಡುಗ ಅದಕ್ಕೆ ಚಿತ್ರ ಬರೆದುಕೊಟ್ಟ. ಮುಂಬೈಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿದ್ದ ಹುಡುಗ ಅವನು. ಮುಂದೆ 1951ರಿಂದ ಅದೇ ಮುಂಬೈಯ ಪತ್ರಿಕೆಯೊಂದರಲ್ಲಿ ಅವರ ಶ್ರೀಸಾಮಾನ್ಯ, ಚೌಕುಳಿ ಕೋಟು ತೊಟ್ಟು, ಬಾಯಿ ಬಿಡದೆ, ದೇಶವನ್ನೆಲ್ಲ ನೋಡುತ್ತ ನಿಂತ.

ಅಮರ ಚಿತ್ರಕಥೆಯನ್ನು ಕಟ್ಟಿದ ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಆ ಮಾಲೆಯ ಮೊಟ್ಟಮೊದಲ ಪುಸ್ತಕಗಳು ಬಂದದ್ದು ಇಂಗ್ಲಿಷಿನಲ್ಲಲ್ಲ, 1965ರ ಸುಮಾರಿಗೆ ಬೆಂಗಳೂರಿನಿಂದ, ಕನ್ನಡದಲ್ಲಿ ಎಂದು ಅದರ ಪ್ರಕಟಣೆಯಲ್ಲಿ ಪಾಲುಗೊಂಡಿದ್ದ ಜಿ.ಕೆ. ಅನಂತರಾಂ ಹೇಳಿದ್ದಾರೆ. ಇನ್ನು ಇಂದಿನ ಮಾತು. ಕುಂದಾಪುರದ ಸತೀಶ್ ಆಚಾರ್ಯ ಕಲಾಶಾಲೆಯಲ್ಲಿ ಕಲಿತವರಲ್ಲ, ಎಂಬಿಎ ಓದಿದವರು. ಮುಂಬೈಯಲ್ಲಿ ಕೆಲಸ ಮಾಡಿ ಊರಿಗೆ ಮರಳಿ, ಕುಂದಾಪುರದಲ್ಲೇ ಕೂತು ಬರೆದ ಅವರ ವ್ಯಂಗ್ಯಚಿತ್ರಗಳನ್ನು ಹೊರದೇಶದವರೂ ನೋಡುತ್ತಾರೆ. ಅವರೂ ಗೆಳೆಯರೂ ಕೂಡಿ ಅಲ್ಲಿ ಕಾರ್ಟೂನು ಹಬ್ಬವನ್ನೂ ನಡೆಸಿದ್ದಾರೆ. ಬೆಂಗಳೂರಿನ ಎಂ.ಜಿ. ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ, 2001ರಲ್ಲಿ ಸ್ಥಾಪನೆಯಾದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಮಾಲ್‌ಗಳಿಗೆ ಕರೆದೊಯ್ಯುವವರು ಒಂದು ಮಧ್ಯಾಹ್ನ ಅಲ್ಲಿಗೂ ಕರೆದೊಯ್ಯಬಹುದು.

ವೈದ್ಯ, ಎಂಜಿನಿಯರ್, ಎಂಬಿಎ. ಈ ಮೂವರ ವಿದ್ಯೆಯನ್ನು ಹೆಸರಿಸಿದ್ದಕ್ಕೆ ಕಾರಣವಿದೆ. ಕತಾರಿನ ಕನ್ನಡ ಮನೆಗಳಲ್ಲಿ ಇರುವವರೂ ಇಂಥವರೇ. ರಾಸ್ ಲಫಾನಿನ ಸ್ಥಾವರದಲ್ಲಿ ಎಂಜಿನಿಯರ್, ಆಸ್ಪತ್ರೆಯಲ್ಲಿ ನರ್ಸ್, ಕಟ್ಟಡದ ಸೈಟಿನಲ್ಲಿ ಫೋರ್‌ಮನ್, ಅಂಗಡಿಯಲ್ಲಿ ಲೆಕ್ಕಿಗ, ಹೋಟೆಲಿನಲ್ಲಿ ಅಡುಗೆಯವ. ‘ನಮಗೆ ಚಿತ್ರ ಬರೆಯಲು ಯಾರೂ ಕಲಿಸಿಲ್ಲ’ ಎಂಬ ಮಾತಿಗೆ ಮೇಲಿನ ಹೆಸರುಗಳೇ ಉತ್ತರ.

ಎರಡನೆಯ ಮಾತು ದುಡ್ಡಿನದು. ಕಂಪ್ಯೂಟರಿನಲ್ಲಿ ಚಿತ್ರ ಬರೆಯಬೇಕೆಂದರೆ ದುಬಾರಿ ತಂತ್ರಾಂಶ ಬೇಕು ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಅದಕ್ಕೆ ಆಧಾರವೂ ಇತ್ತು. ಫೋಟೋಶಾಪ್ ತಯಾರಿಸುವ ಅಡೋಬಿ 2013ರಲ್ಲಿ ಒಂದೇ ಸಲ ಕೊಂಡುಕೊಳ್ಳುವ ಪದ್ಧತಿಯಿಂದ ತಿಂಗಳ ಬಾಡಿಗೆಯ ಪದ್ಧತಿಗೆ ಹೊರಳಿತು. ಹವ್ಯಾಸಕ್ಕೆ ಬರೆಯುವವರಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ಭಾರವೇ. ಹಾಗೆಂದು ಯಾರೋ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಕಳ್ಳ ಪ್ರತಿಯನ್ನು ಹಾಕಿಕೊಂಡರೆ ಅದರ ಜೊತೆಗೆ ವೈರಸ್ಸೂ ಬರಬಹುದು. ಕತಾರಿನಲ್ಲಿ 2002ರ 7ನೇ ಸಂಖ್ಯೆಯ ಹಕ್ಕುಸ್ವಾಮ್ಯ ಕಾಯ್ದೆಯೂ ಇದೆ. ಹೊರದೇಶದಲ್ಲಿ ಅನ್ನ ಹುಟ್ಟಿಸಿಕೊಂಡವರು ಒಂದು ಹವ್ಯಾಸಕ್ಕಾಗಿ ಕಾನೂನಿನ ಗೆರೆ ದಾಟುವ ಅಗತ್ಯವೇ ಈಗಿಲ್ಲ.

ಇಲ್ಲಿ ಕನ್ನಡದ ಒಂದು ಅನುಕೂಲ ನೆನೆಯಬೇಕು. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಮಾತಿನಲ್ಲಿ ಅಡಗಿಸುವುದನ್ನು ಕನ್ನಡ ಎರಡು ಮಾತಿನಲ್ಲಿ ಬಿಡಿಸಿ ಹೇಳುತ್ತದೆ: ಉಚಿತ, ಮುಕ್ತ. ಉಚಿತ ತಂತ್ರಾಂಶಕ್ಕೆ ಬೆಲೆಯಿಲ್ಲ, ಆದರೆ ಅದರ ಒಡೆಯರು ನಾಳೆ ಬೆಲೆ ಕಟ್ಟಬಹುದು, ನಡುನಡುವೆ ಜಾಹೀರಾತು ತೋರಿಸಬಹುದು. ಮುಕ್ತ ತಂತ್ರಾಂಶದ ಒಳಗಿನ ಸಂಕೇತವೇ ಬಹಿರಂಗವಾಗಿರುತ್ತದೆ. ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ತಿದ್ದಬಹುದು. ಅದನ್ನು ಯಾರೂ ಕಸಿದುಕೊಳ್ಳಲಾರರು. ಹತ್ತು ವರ್ಷದ ಮಗು ಇಂದು ಕಲಿತದ್ದು ಇಪ್ಪತ್ತರಲ್ಲೂ ಕೈಯಲ್ಲಿರಬೇಕಾದರೆ ಮುಕ್ತ ತಂತ್ರಾಂಶವನ್ನೇ ಮೊದಲು ಮುಟ್ಟುವುದು ಲೇಸು.

ಅವುಗಳಲ್ಲಿ ಕಾರ್ಟೂನಿಗೆ ಮೊದಲು ಹೇಳಬೇಕಾದ ಹೆಸರು ಕ್ರಿಟಾ. ಕೆಡಿಇ ಎಂಬ ಮುಕ್ತ ತಂತ್ರಾಂಶ ಸಮುದಾಯದಲ್ಲಿ 1999ರ ಸುಮಾರಿಗೆ ಬೇರೆ ಹೆಸರಿನಲ್ಲಿ ಹುಟ್ಟಿದ ಇದು, ಎರಡು ಸಲ ಹೆಸರು ಬದಲಿಸಿ ಕ್ರಿಟಾ ಆಯಿತು. ಸ್ವೀಡಿಷ್ ಭಾಷೆಯಲ್ಲಿ ಕ್ರಿಟಾ ಎಂದರೆ ಬಣ್ಣದ ಬಳಪ. ಮಹಾಭಾರತದಲ್ಲಿ ಬರುವ, ಪರಿಪೂರ್ಣ ಎಂಬ ಅರ್ಥದ ‘ಕೃತ’ದ ನೆರಳೂ ಈ ಹೆಸರಿನ ಮೇಲಿದೆ ಎನ್ನುತ್ತಾರೆ. ಕೃತಯುಗದ ಕೃತ ಅದೇ. ನೆದರ್‌ಲ್ಯಾಂಡ್ಸಿನಲ್ಲಿರುವ ಕ್ರಿಟಾ ಪ್ರತಿಷ್ಠಾನ ದೇಣಿಗೆಯ ಬಲದಿಂದ ಇದರ ಕೆಲಸ ನಡೆಸುತ್ತಿದೆ. 2021ರ ಡಿಸೆಂಬರಿನಲ್ಲಿ ಇದರ ಐದನೆಯ ಆವೃತ್ತಿ ಬಂತು. ಫೋಟೋ ತಿದ್ದುವವರಿಗೆಂದಲ್ಲ, ಕೈಯಿಂದ ಬರೆಯುವವರಿಗೆಂದೇ ರೂಪಿಸಿದ ತಂತ್ರಾಂಶ ಇದು. ಪೆನ್ಸಿಲ್ಲು, ಮಸಿ, ಇದ್ದಿಲು, ಜಲವರ್ಣ ಎಂದು ನೂರಕ್ಕೂ ಹೆಚ್ಚು ಬ್ರಷ್‌ಗಳು ಅದರೊಳಗೇ ಬರುತ್ತವೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ದೊಡ್ಡ ಆಂಡ್ರಾಯ್ಡ್ ಟ್ಯಾಬಿನಲ್ಲೂ ನಡೆಯುತ್ತದೆ. ಕ್ರಿಟಾದ ಸ್ವಂತ ತಾಣದಿಂದ ಇಳಿಸಿಕೊಂಡರೆ ಪೂರ್ತಿ ಉಚಿತ. ಕೆಲವು ಆನ್‌ಲೈನ್ ಅಂಗಡಿಗಳಲ್ಲಿ ಇದಕ್ಕೆ ಬೆಲೆಯಿರುವುದನ್ನು ಕಂಡು ಗಾಬರಿಯಾಗಬೇಡಿ. ಅದೇ ತಂತ್ರಾಂಶವನ್ನು ದುಡ್ಡು ಕೊಟ್ಟು ಕೊಂಡರೆ ಆ ಹಣ ತಯಾರಕರ ಸಂಬಳಕ್ಕೆ ನೆರವಾಗುತ್ತದೆ.

ಉಚಿತವಾಗಿ ಸಿಕ್ಕ ಮೇಲೆ ಅದರ ಗುಣಮಟ್ಟ ಹೇಗೋ ಏನೋ ಎಂಬ ಅನುಮಾನ ಸಹಜ. ಅದಕ್ಕೆ ಉತ್ತರವಾಗಿ ಮೂರು ಉದಾಹರಣೆ ಸಾಕು. ಫ್ರಾನ್ಸಿನ ದಾವಿದ್ ರೆವುವಾ 2014ರಿಂದ ‘ಪೆಪ್ಪರ್ ಆಂಡ್ ಕ್ಯಾರಟ್’ ಎಂಬ ಚಿತ್ರಕಥೆ ಬರೆಯುತ್ತಿದ್ದಾರೆ. ಪೆಪ್ಪರ್ ಒಬ್ಬ ಪುಟ್ಟ ಮಾಟಗಾತಿ, ಕ್ಯಾರಟ್ ಅವಳ ಬೆಕ್ಕು. ಇದನ್ನೆಲ್ಲ ಅವರು ಬರೆಯುವುದು ಕ್ರಿಟಾದಲ್ಲಿ. ಚಿತ್ರಗಳ ಮೂಲ ಕಡತಗಳನ್ನೂ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ. ಓದುಗರು ತಾವಾಗಿ ಕೊಡುವ ಹಣವೇ ಅವರಿಗೆ ಆಧಾರ. ಸ್ವಯಂಸೇವಕರು ಅದನ್ನು ಹತ್ತಾರು ಭಾಷೆಗಳಿಗೆ ತಂದಿದ್ದಾರೆ. ಎರಡನೆಯದು ಜಪಾನಿನ ಸ್ಟುಡಿಯೋ ಗಿಬ್ಲಿಯ ಕತೆ. ‘ಪ್ರಿನ್ಸೆಸ್ ಮೊನೊನೊಕೆ’ ಕಾಲದಿಂದ ಆ ಸ್ಟುಡಿಯೋ ಬಳಸಿದ ಟೂನ್ಸ್ ತಂತ್ರಾಂಶವನ್ನು 2016ರಲ್ಲಿ ‘ಓಪನ್‌ಟೂನ್ಸ್’ ಹೆಸರಿನಲ್ಲಿ ಎಲ್ಲರಿಗೂ ಮುಕ್ತಗೊಳಿಸಲಾಯಿತು. ಮೂರನೆಯದು ಲಾಟ್ವಿಯಾದ ‘ಫ್ಲೋ’. ಮಾತೇ ಇಲ್ಲದ, ಪ್ರವಾಹದಲ್ಲಿ ಸಿಕ್ಕಿಕೊಂಡ ಬೆಕ್ಕಿನ ಆ ಸಿನಿಮಾವನ್ನು ಗಿಂಟ್ಸ್ ಜಿಲ್ಬಾಲೊಡಿಸ್ ಮಾಡಿದ್ದು ಬ್ಲೆಂಡರ್ ಎಂಬ ಮುಕ್ತ ತಂತ್ರಾಂಶದಲ್ಲಿ. 2025ರ ಮಾರ್ಚಿನಲ್ಲಿ ಅದಕ್ಕೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು.

ಈಗ ಮೊದಲ ಸಂಜೆಯ ಮಾತು. ಹೊಸಬರು ಕೈಬಿಡುವುದು ಬಹುಪಾಲು ಈ ಮೊದಲ ಸಂಜೆಯೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಕ್ರಿಟಾ ತೆರೆದು ಹೊಸ ಹಾಳೆ ಕೇಳಿದರೆ ಅಳತೆಗಳ ಪಟ್ಟಿ ಬರುತ್ತದೆ. ಅಚ್ಚಿಗೆ ಹೋಗುವ ಎ4 ಹಾಳೆ, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, 2480 ಗುಣಿಸು 3508 ಪಿಕ್ಸೆಲ್. ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲ ದಿನವೇ ಇಷ್ಟು ದೊಡ್ಡ ಹಾಳೆ ಬೇಡ. ಆ ಅಳತೆಯ ಒಂದೊಂದು ಪದರವೂ ಕಂಪ್ಯೂಟರಿನ ನೆನಪಿನಲ್ಲಿ 35 ಎಂಬಿಯಷ್ಟು ಜಾಗ ತಿನ್ನುತ್ತದೆ. ಹತ್ತು ಪದರವಾದರೆ 350 ಎಂಬಿ. ಬ್ರಷ್ಷು ತಡವರಿಸುತ್ತದೆ, ಬರೆಯುವವರಿಗೆ ತಮ್ಮ ಕೈಯೇ ಸರಿಯಿಲ್ಲ ಅನಿಸಿಬಿಡುತ್ತದೆ. 1600 ಗುಣಿಸು 1200ರ ಹಾಳೆ ತೆಗೆದರೆ ಪದರವೊಂದಕ್ಕೆ 8 ಎಂಬಿಯೂ ಬೇಡ. ಫೋನಿನಲ್ಲಿ ನೋಡುವ ಚಿತ್ರಕ್ಕೆ ಅದು ಧಾರಾಳ.

ಪದರ ಅಥವಾ ಲೇಯರ್ ಎಂಬುದನ್ನು ಅರ್ಥ ಮಾಡಿಕೊಂಡರೆ ಅರ್ಧ ವಿದ್ಯೆ ಕೈಗೆ ಬಂದಂತೆ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬರೆದ ಹಾಗೆ ಅದು. ಕೆಳಗಿನ ಹಾಳೆಯಲ್ಲಿ ತಿಳಿನೀಲಿ ಪೆನ್ಸಿಲ್ಲಿನಿಂದ ಕರಡು ಬರೆಯಿರಿ. ತಲೆಗೊಂದು ವೃತ್ತ, ಹೊಟ್ಟೆಗೊಂದು ವೃತ್ತ, ಕೈಕಾಲಿಗೆ ಕಡ್ಡಿ. ಮೇಲಿನ ಹಾಳೆಯಲ್ಲಿ ಕಪ್ಪು ಮಸಿಯ ಬ್ರಷ್ಷಿನಿಂದ ಅದರ ಮೇಲೆಯೇ ತೀಡಿ. ಆಮೇಲೆ ಕರಡಿನ ಪದರವನ್ನು ಮರೆಮಾಡಿ. ಮಸಿಯ ಪದರದ ಕೆಳಗೆ ಮೂರನೆಯದೊಂದನ್ನು ಸೇರಿಸಿ ಬಣ್ಣ ತುಂಬಿ; ಬಣ್ಣ ಎಷ್ಟು ಒಡ್ಡೊಡ್ಡಾಗಿ ಬಿದ್ದರೂ ಕಪ್ಪು ಗೆರೆ ಮೇಲೇ ನಿಲ್ಲುತ್ತದೆ. ಒಂದು ಕಡೆ ಒತ್ತಿದರೆ ಅಲ್ಲಿ ಪೂರ್ತಿ ಬಣ್ಣ ತುಂಬುವ ಬಕೆಟ್ ಉಪಕರಣವೂ ಇದೆ. ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬಣ್ಣ ಹೊರಗೆ ಹರಿಯುತ್ತದೆ. ಗದ್ದೆಯ ಬದು ಒಡೆದ ಹಾಗೆ. ಬದು ಮುಚ್ಚಿ ಮತ್ತೆ ತುಂಬಿ.

ಕೈ ನಡುಗಿ ಗೆರೆ ಅಂಕುಡೊಂಕಾಗುತ್ತದೆಯೇ? ಬ್ರಷ್ಷಿನ ಆಯ್ಕೆಗಳಲ್ಲಿ ಸ್ಟೆಬಿಲೈಜರ್ ಎಂಬುದಿದೆ. ಅದನ್ನು ಒತ್ತಿದರೆ ಗೆರೆ ಕೈಯ ಹಿಂದೆ ತುಸು ತಡವಾಗಿ ಬರುತ್ತ ನಡುಕವನ್ನು ನುಂಗಿಬಿಡುತ್ತದೆ. ಮುಖ ವಾರೆಯಾಗಿದೆ ಅನಿಸಿದರೆ ‘ಎಂ’ ಕೀಲಿ ಒತ್ತಿ; ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗುತ್ತದೆ, ತಪ್ಪು ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ‘ಇ’ ಒತ್ತಿದರೆ ಅದೇ ಬ್ರಷ್ಷು ರಬ್ಬರ್ ಆಗುತ್ತದೆ. ಕಂಟ್ರೋಲ್ ಜೊತೆ ‘ಜೆಡ್’ ಒತ್ತಿದರೆ ಮಾಡಿದ್ದು ರದ್ದು. ಈ ನಾಲ್ಕೇ ನಾಲ್ಕು ಗೊತ್ತಿದ್ದರೆ ಮೊದಲ ತಿಂಗಳು ದಾಟಬಹುದು. ಮಿಕ್ಕ ನೂರು ಗುಂಡಿಗಳ ಕಡೆ ನೋಡಲೇಬೇಡಿ.

ಮೌಸಿನಿಂದ ಬರೆಯುವುದು ಸೋಪಿನ ತುಂಡಿನಿಂದ ಸಹಿ ಹಾಕಿದಂತೆ. ಸಾಧ್ಯವಿದೆ, ಸುಖವಿಲ್ಲ. ಹಾಗಾಗಿ ಖರ್ಚು ಮಾಡುವುದೇ ಆದರೆ ತಂತ್ರಾಂಶಕ್ಕಲ್ಲ, ಪೆನ್ ಟ್ಯಾಬ್ಲೆಟ್ಟಿಗೆ ಮಾಡಿ. ಪರದೆಯಿಲ್ಲದ, ಪುಸ್ತಕದಷ್ಟು ಅಗಲದ ಕಪ್ಪು ಹಲಗೆ ಅದು. ಅದರ ಮೇಲೆ ಪೆನ್ನು ಒತ್ತಿದಷ್ಟೂ ಗೆರೆ ದಪ್ಪವಾಗುತ್ತದೆ. ಜಪಾನಿನ ವಾಕಾಮ್, ಚೀನಾದ ಹುಯಿಯಾನ್ ಮುಂತಾದ ಕಂಪನಿಗಳ ಆರಂಭದ ಮಾದರಿಗಳಲ್ಲೂ ಒತ್ತಡದ 2048 ಅಥವಾ ಅದಕ್ಕಿಂತ ಹೆಚ್ಚು ಹಂತಗಳಿರುತ್ತವೆ; ಹವ್ಯಾಸಕ್ಕೆ ಅಷ್ಟು ಬೇಕಾದಷ್ಟಾಯಿತು. ಕೈ ಹಲಗೆಯ ಮೇಲೆ, ಕಣ್ಣು ಪರದೆಯ ಮೇಲೆ. ಇದಕ್ಕೆ ಒಗ್ಗಲು ಒಂದು ವಾರ ಹಿಡಿಯುತ್ತದೆ. ಆ ವಾರ ಬೇಸರಿಸಬೇಡಿ.

ಲ್ಯಾಪ್‌ಟಾಪೇ ಇಲ್ಲದವರನ್ನು ಈ ಪತ್ರ ಮರೆತಿಲ್ಲ. ಕತಾರಿನಲ್ಲಿರುವ ಏಳು ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಬಹಳ ಮಂದಿಗೆ ಇರುವುದು ಒಂದು ಫೋನು, ಕ್ಯಾಂಪಿನಲ್ಲಿ ಒಂದು ಮಂಚ. ಐಬಿಸ್‌ಪೇಂಟ್, ಮೆಡಿಬ್ಯಾಂಗ್, ಸ್ಕೆಚ್‌ಬುಕ್ ಎಂಬ ಆ್ಯಪ್‌ಗಳು ಫೋನಿನಲ್ಲಿ ಕಾಸಿಲ್ಲದೆ ಸಿಗುತ್ತವೆ. ಇವು ಮುಕ್ತವಲ್ಲ, ಉಚಿತ ಮಾತ್ರ. ಕೆಲವು ಜಾಹೀರಾತು ತೋರಿಸುತ್ತವೆ, ಕೆಲವು ಸೌಲಭ್ಯಕ್ಕೆ ಹಣ ಕೇಳುತ್ತವೆ. ಆದರೆ ಪದರಗಳಿವೆ, ಬ್ರಷ್‌ಗಳಿವೆ, ನಡುಕ ತಡೆಯುವ ವ್ಯವಸ್ಥೆಯಿದೆ. ಕಾಗದದ ಮೇಲೆ ಪೆನ್ನಿನಿಂದ ಬರೆದು, ಫೋಟೋ ತೆಗೆದು, ಅದನ್ನೇ ಕೆಳಗಿನ ಪದರವಾಗಿಟ್ಟುಕೊಂಡು ಬೆರಳಿನಿಂದ ಬಣ್ಣ ತುಂಬಬಹುದು. ಇನ್ನು ಅ ಆ ಇ ಈ ಕಲಿಯುವ ವಯಸ್ಸಿನ ಮಕ್ಕಳಿಗೆ ಟಕ್ಸ್ ಪೇಂಟ್ ಇದೆ. ಬಿಲ್ ಕೆಂಡ್ರಿಕ್ 2002ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶದಲ್ಲಿ ಗುಂಡಿಗಳು ದೊಡ್ಡವು, ಬ್ರಷ್ಷಿಗೆ ಸದ್ದೂ ಇದೆ.

ಚಿತ್ರವೇನೋ ಆಯಿತು. ಮಾತು? ಕನ್ನಡದ ಕಾರ್ಟೂನಿಗೆ ಕನ್ನಡದ ಮಾತು ಬೇಕು, ಅಲ್ಲಿ ಒಂದೆರಡು ತೊಡಕುಗಳಿವೆ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಸಾಮಾನ್ಯವಾಗಿ ಎಲ್ಲ ಅಕ್ಷರಗಳೂ ಒಂದೇ ಎತ್ತರದ ದೊಡ್ಡಕ್ಷರಗಳು; ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದರೂ ನಡೆಯುತ್ತದೆ. ನಮ್ಮ ಲಿಪಿ ಹಾಗಲ್ಲ. ಒತ್ತಕ್ಷರ ಕೆಳಗೆ ಇಳಿಬೀಳುತ್ತದೆ, ಗುಡಿಸು ಮೇಲಕ್ಕೆ ಏಳುತ್ತದೆ. ‘ಅಜ್ಜಿಗೆ ಅರಳೆಣ್ಣೆ ಹಚ್ಚು’ ಎಂದು ಎರಡು ಸಾಲಿನಲ್ಲಿ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಮಾತಿನ ಗುಳ್ಳೆಯಲ್ಲಿ ಸಾಲಿನ ನಡುವೆ ಹೆಚ್ಚು ಜಾಗ ಬಿಡಬೇಕು. ವಿಭಕ್ತಿ, ಸಂಧಿ ಸೇರಿ ಕನ್ನಡದ ಪದಗಳು ಉದ್ದವಾಗುವುದರಿಂದ ಗುಳ್ಳೆಯೂ ಅಗಲವಾಗಿರಬೇಕು. ಆದ್ದರಿಂದ ಮೊದಲು ಮಾತು ಬರೆದು, ಅದರ ಸುತ್ತ ಗುಳ್ಳೆ ಎಳೆದು, ಉಳಿದ ಜಾಗದಲ್ಲಿ ಮನುಷ್ಯರನ್ನು ಕೂರಿಸಿ. ಮೊದಲು ಚಿತ್ರ ಬರೆದು ಆಮೇಲೆ ಮಾತು ತುರುಕಿದರೆ ಯಾವಾಗಲೂ ಇಕ್ಕಟ್ಟು.

ಬೆರಳಚ್ಚು ಮಾಡುವುದಾದರೆ ಯೂನಿಕೋಡ್ ಫಾಂಟನ್ನೇ ಬಳಸಿ. ಹಳೆಯ ನುಡಿ, ಬರಹಗಳ ಆಸ್ಕಿ ಫಾಂಟಿನಲ್ಲಿ ಬರೆದದ್ದನ್ನು ಇನ್ನೊಂದು ತಂತ್ರಾಂಶಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು, ಬಾಲೂ ತಮ್ಮ ಇವೆಲ್ಲ ಉಚಿತ ಯೂನಿಕೋಡ್ ಫಾಂಟುಗಳು. ದುಂಡುದುಂಡಾದ ‘ಬಾಲೂ ತಮ್ಮ’ ಕಾರ್ಟೂನಿನ ಶೀರ್ಷಿಕೆಗೆ ಹೇಳಿ ಮಾಡಿಸಿದಂತಿದೆ. ಮಾತು ಹೆಚ್ಚಿರುವ ಪುಟವಾದರೆ ಚಿತ್ರವನ್ನು ಕ್ರಿಟಾದಲ್ಲಿ ಮುಗಿಸಿ, 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಮಾತು ಕೂಡಿಸಬಹುದು. ಎಲ್ಲಕ್ಕಿಂತ ಚೆಂದ ಕೈಬರಹವೇ. ಟ್ಯಾಬ್ಲೆಟ್ಟಿನ ಮೇಲೆ ‘ಅಯ್ಯಯ್ಯೋ’ ಎಂದು ಬರೆಯುವಾಗ ಆ ‘ಯೋ’ವನ್ನು ಹಾಳೆಯ ಅಂಚಿನವರೆಗೆ ಎಳೆಯುವ ಸ್ವಾತಂತ್ರ್ಯ ಯಾವ ಫಾಂಟೂ ಕೊಡುವುದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದುತ್ತ ಕನ್ನಡ ಬರೆಯುವುದನ್ನು ಮರೆಯುತ್ತಿರುವ ದೋಹಾದ ಮಕ್ಕಳಿಗೆ, ಕಾಪಿ ಪುಸ್ತಕಕ್ಕಿಂತ ಮಾತಿನ ಗುಳ್ಳೆ ಹೆಚ್ಚು ಪ್ರಿಯವಾಗುತ್ತದೆ. ಒಂದು ಗುಳ್ಳೆಗೆ ಆರೇಳು ಪದ. ಅಷ್ಟನ್ನು ಯಾವ ಮಗುವೂ ಬೇಸರವಿಲ್ಲದೆ ಬರೆಯುತ್ತದೆ. ಅಮ್ಮನನ್ನು ಕೇಳಿ ಕಾಗುಣಿತವನ್ನೂ ತಿದ್ದಿಕೊಳ್ಳುತ್ತದೆ.

ಅದೇ ಚಿತ್ರವನ್ನು ಅರಬ್ ಗೆಳೆಯರಿಗೆ ತೋರಿಸಬೇಕೆಂದರೆ ಒಂದು ಸಂಗತಿ ತಿಳಿದಿರಲಿ. ಅರೇಬಿಕ್ ಓದುವುದು ಬಲದಿಂದ ಎಡಕ್ಕೆ. ಅವರ ಚಿತ್ರಕಥೆಯ ಚೌಕಗಳೂ ಬಲದಿಂದಲೇ ಆರಂಭವಾಗುತ್ತವೆ. ನಾಲ್ಕು ಚೌಕದ ಕಾರ್ಟೂನನ್ನು ಹಾಗೇ ಕೊಟ್ಟರೆ ಕೊನೆಯ ನಗು ಮೊದಲೇ ಬಂದು ಕೂರುತ್ತದೆ. ಚೌಕಗಳನ್ನು ಬೇರೆ ಬೇರೆ ಪದರಗಳಲ್ಲಿ ಇಟ್ಟುಕೊಂಡಿದ್ದರೆ ಸ್ಥಾನ ಬದಲಿಸುವುದು ನಿಮಿಷದ ಕೆಲಸ.

ಏನನ್ನು ಬರೆಯಬೇಕು ಎಂಬುದರ ಜೊತೆಗೆ ಏನನ್ನು ಬರೆಯಬಾರದು ಎಂಬುದನ್ನೂ ಹೇಳಿಯೇ ಮುಂದೆ ಹೋಗಬೇಕು. ಕತಾರಿನಲ್ಲಿ 2014ರ 14ನೇ ಸಂಖ್ಯೆಯ ಸೈಬರ್ ಅಪರಾಧ ಕಾಯ್ದೆ ಜಾರಿಯಲ್ಲಿದೆ. ಜನರ ಖಾಸಗಿ ಬದುಕಿಗೆ ಅಂತರ್ಜಾಲದಲ್ಲಿ ಧಕ್ಕೆ ತರುವುದು ಅದರಡಿ ಅಪರಾಧ. ಆಳುವವರನ್ನು, ಧರ್ಮವನ್ನು, ಗುರುತು ಸಿಗುವ ಖಾಸಗಿ ವ್ಯಕ್ತಿಗಳನ್ನು ಗೇಲಿ ಮಾಡುವ ಚಿತ್ರದಿಂದ ದೂರವಿರಿ. ಮಕ್ಕಳಿಗೂ ಇದನ್ನು ಬಿಡಿಸಿ ಹೇಳಿ. ಇದರಿಂದ ಹವ್ಯಾಸ ಬಡವಾಗುವುದಿಲ್ಲ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ತೆರೆದ ಬಿಸಿಲಿನ ಕೆಲಸಕ್ಕೆ ಇಲ್ಲಿ ನಿಷೇಧವಿದೆ. ಆ ಹೊತ್ತಿನ ನೆರಳು, ಆ ನೆರಳಿನಲ್ಲಿ ಊಟದ ಡಬ್ಬಿ ಬಿಚ್ಚುವವರು, ಡಬ್ಬಿಯೊಳಗಿನ ಊರು. ಬೇಸಗೆಯ ಕತಾರ್ ಒಂದೇ ನೂರು ಚಿತ್ರಕ್ಕೆ ಸಾಕು.

ಈ ನೆಲಕ್ಕೂ ಗೆರೆಯ ಸಂಪ್ರದಾಯವಿದೆ. ಕತಾರಿನ ಸಲ್ಮಾನ್ ಅಲ್ ಮಾಲಿಕ್ ವ್ಯಂಗ್ಯಚಿತ್ರಕಾರರೂ ಹೌದು, ವರ್ಣಚಿತ್ರಕಾರರೂ ಹೌದು. ಮುಂಬೈಯಲ್ಲಿ ಸಿನಿಮಾ ಫಲಕಗಳನ್ನು ಬರೆಯುತ್ತ ಆರಂಭಿಸಿದ ಎಂ.ಎಫ್. ಹುಸೇನ್ 2010ರಲ್ಲಿ ಕತಾರಿನ ಪೌರರಾದರು. ಅವರ ಕೊನೆಯ ದೊಡ್ಡ ಕೃತಿ 2019ರಿಂದ ಎಜುಕೇಶನ್ ಸಿಟಿಯಲ್ಲಿದೆ. ಅದೇ ಎಜುಕೇಶನ್ ಸಿಟಿಯಲ್ಲಿ, ರೆಮ್ ಕೂಲ್‌ಹಾಸರ ಸಂಸ್ಥೆ ವಿನ್ಯಾಸ ಮಾಡಿದ ಕತಾರ್ ರಾಷ್ಟ್ರೀಯ ಗ್ರಂಥಾಲಯ 2017ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮೆಟ್ರೋದ ಹಸಿರು ಮಾರ್ಗದಲ್ಲಿ ಅದರ ಹೆಸರಿನದೇ ನಿಲ್ದಾಣವಿದೆ. ಇಲ್ಲಿ ವಾಸಿಸುವವರಿಗೆ ಸದಸ್ಯತ್ವ ಉಚಿತ. ಮಕ್ಕಳ ವಿಭಾಗವಿದೆ, ಚಿತ್ರಕಥೆಯ ಪುಸ್ತಕಗಳಿವೆ. ಮನೆಯಲ್ಲಿ ಜಾಗವಿಲ್ಲದವರು ಲ್ಯಾಪ್‌ಟಾಪ್ ಹೊತ್ತು ಹೋದರೆ ಅಲ್ಲಿ ತಂಪಾದ ಮೇಜು ಸಿಗುತ್ತದೆ.

ಇನ್ನು ಸಂಘಗಳ ಪದಾಧಿಕಾರಿಗಳಿಗೆ ಎರಡು ಮಾತು. ಕರ್ನಾಟಕ ಸಂಘ ಕತಾರ್, ತುಳು ಕೂಟ ಮತ್ತು ಕರಾವಳಿಯವರ ಇತರ ಸಂಘಟನೆಗಳು ವರ್ಷವಿಡೀ ದುಡಿದು ರಾಜ್ಯೋತ್ಸವ, ಯಕ್ಷಗಾನ, ಸಂಗೀತ, ಕ್ರೀಡೆ ಎಲ್ಲವನ್ನೂ ಇಲ್ಲಿ ಉಳಿಸಿಕೊಂಡು ಬಂದಿವೆ. ಆ ಪಟ್ಟಿಯಲ್ಲಿ ಗೆರೆಗೂ ಒಂದು ಮಣೆ ಹಾಕಿ. ವೇದಿಕೆ, ಧ್ವನಿವರ್ಧಕ, ವೇಷಭೂಷಣ ಯಾವುದೂ ಇದಕ್ಕೆ ಬೇಡ. ಒಂದು ಶುಕ್ರವಾರ ಬೆಳಿಗ್ಗೆ ಹತ್ತು ಲ್ಯಾಪ್‌ಟಾಪು, ಒಂದು ಪ್ರೊಜೆಕ್ಟರ್, ತಂತ್ರಾಂಶ ಬಲ್ಲ ಒಬ್ಬರು ಸಾಕು. ಮಕ್ಕಳನ್ನೂ ಹಿರಿಯರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ; ಮಕ್ಕಳಿಗೆ ಗುಂಡಿಗಳು ಬೇಗ ತಿಳಿಯುತ್ತವೆ, ಹಿರಿಯರಿಗೆ ಕತೆಗಳು ಗೊತ್ತಿರುತ್ತವೆ. ಸ್ಪರ್ಧೆ, ಬಹುಮಾನ ಮೊದಲ ವರ್ಷ ಬೇಡ. ಬರೆದವರೆಲ್ಲರ ಒಂದೊಂದು ಚಿತ್ರವನ್ನೂ ಗೋಡೆಗೆ ಹಾಕಿ. ಉಳಿದ ಖರ್ಚಿನಲ್ಲಿ ಸ್ವಲ್ಪವನ್ನು, ಎಲ್ಲರೂ ಒಂದೆರಡು ಲೋಟ ಕರಕ್ ಚಹಾದ ಬೆಲೆ ಸೇರಿಸಿ, ಬಳಸಿದ ಮುಕ್ತ ತಂತ್ರಾಂಶಕ್ಕೆ ದೇಣಿಗೆಯಾಗಿ ಕಳಿಸಿದರೆ ಅದು ಕೊಟ್ಟದ್ದಕ್ಕೆ ತಕ್ಕ ಮರ್ಯಾದೆ.

ನವೆಂಬರ್ ಬಂದರೆ ರಾಜ್ಯೋತ್ಸವ. ನೆನಪಿನ ಸಂಚಿಕೆಯ ಪುಟಗಳು ಸಂದೇಶಗಳಿಂದ, ಜಾಹೀರಾತುಗಳಿಂದ, ಪದಾಧಿಕಾರಿಗಳ ಭಾವಚಿತ್ರಗಳಿಂದ ತುಂಬುವ ಮೊದಲೇ ಎರಡು ಪುಟ ತೆಗೆದಿಡಿ. ಅದರ ಮೇಲೆ ‘ನಮ್ಮವರ ಗೆರೆ’ ಎಂದು ಬರೆದು, ಸದಸ್ಯರಿಗೆಲ್ಲ ಈಗಲೇ ತಿಳಿಸಿ: ಕತಾರಿನ ಬದುಕು, ಕನ್ನಡದ ಮಾತು, ನಾಲ್ಕು ಚೌಕ, ಅಕ್ಟೋಬರ್ ಮೊದಲ ವಾರದೊಳಗೆ ಕಳಿಸಬೇಕು. ಬರೆಯುವವರೇ, ಈ ಶುಕ್ರವಾರ ಕ್ರಿಟಾ ಇಳಿಸಿಕೊಳ್ಳಿ, ಮೊದಲ ಹಾಳೆಯಲ್ಲಿ ಬಾಲ್ಕನಿಯ ಆ ಕರಿಬೇವಿನ ಗಿಡಕ್ಕೆ ಎರಡು ಕಣ್ಣು ಬರೆಯಿರಿ.

ಇಂತಿ,
ನಿಮ್ಮ ಚಿತ್ರಗಳನ್ನು ಕಾಯುತ್ತಿರುವ ಕನ್ನಡ ಓದುಗ